ಸಹಜಶಕ್ತಿವಾಚಕವಾದ ಇಂಗ್ಲಿಷ್ ಪದಗಳೂ ನಮ್ಮ ‘ಪ್ರತಿಭೆ’ಯೂ

ಇಂಗ್ಲಿಷಿನ ವಿಮರ್ಶಾಗ್ರಂಥಗಳನ್ನು ಓದಿ ಅವುಗಳ ವಿಚಾರವನ್ನು ಕನ್ನಡದಲ್ಲಿ ಹೇಳಹೊರಟವರಿಗೆಲ್ಲ ಒಂದು ತೊಡಕು ಎದುರಾಗುತ್ತದೆ. ಮನುಷ್ಯನಿಗೆ ಹುಟ್ಟಿನಿಂದ ಬಂದ ಶಕ್ತಿಯನ್ನು ಹೇಳುವುದಕ್ಕೆ ಆ ಭಾಷೆಯಲ್ಲಿ ಜೀನಿಯಸ್, ಟ್ಯಾಲೆಂಟ್, ಗಿಫ್ಟ್, ಆಪ್ಟಿಟ್ಯೂಡ್, ಎಬಿಲಿಟಿ, ಕೆಪ್ಯಾಸಿಟಿ, ಫ್ಲೇರ್, ನ್ಯಾಕ್ ಎಂದು ಎಂಟು ಮಾತುಗಳಾದರೂ ಬಳಕೆಯಲ್ಲಿವೆ. ನಮ್ಮ ಬರವಣಿಗೆಯಲ್ಲಿ ಇವುಗಳಲ್ಲಿ ಹೆಚ್ಚಿನವು ‘ಪ್ರತಿಭೆ’ ಎಂಬ ಒಂದೇ ಮಾತಿಗೆ ಬಂದು ಸೇರುತ್ತವೆ. ಮಹಾಕವಿಯದೂ ಪ್ರತಿಭೆ, ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಬಾಲಕನದೂ ಪ್ರತಿಭೆ, ಮಿಮಿಕ್ರಿ ಮಾಡುವವನದೂ ಪ್ರತಿಭೆ. ಹೀಗಾದುದರಿಂದ ನಷ್ಟವಾದದ್ದು ಶಬ್ದಸಂಪತ್ತು ಮಾತ್ರವೇ ಆಗಿದ್ದರೆ ಕೋಶಕಾರರು ಅದನ್ನು ನೋಡಿಕೊಳ್ಳಲಿ ಎಂದು ಸುಮ್ಮನಿರಬಹುದಾಗಿತ್ತು. ಆದರೆ ನಷ್ಟವಾಗಿರುವುದು ತಾರತಮ್ಯಜ್ಞಾನ. ಅದಿಲ್ಲದೆ ವಿಮರ್ಶೆಯೂ ಇಲ್ಲ, ಅಧ್ಯಾಪನವೂ ಇಲ್ಲ. ಆದಕಾರಣ ಆ ಪದಗಳ ಅರ್ಥಚ್ಛಾಯೆಗಳನ್ನು ಮೊದಲು ನಿರೂಪಿಸಿ, ಆಮೇಲೆ ನಮ್ಮ ಪ್ರತಿಭೆಯ ಸ್ಥಾನವೇನೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರಾರಂಭದಲ್ಲಿಯೇ ಒಂದು ಮಾತು. ಈ ಪದಗಳನ್ನು ಒಂದೇ ಏಣಿಯ ಮೆಟ್ಟಿಲುಗಳೆಂದು ಭಾವಿಸುವ ವಾಡಿಕೆಯುಂಟು: ಎಲ್ಲಕ್ಕಿಂತ ಮೇಲೆ ಜೀನಿಯಸ್, ಅದಕ್ಕೆ ಕೆಳಗೆ ಟ್ಯಾಲೆಂಟ್, ಎಲ್ಲಕ್ಕಿಂತ ಕೆಳಗೆ ನ್ಯಾಕ್ ಎಂದು. ಇದು ಅರ್ಧ ಮಾತ್ರ ನಿಜ. ಶಕ್ತಿಯು ಎಷ್ಟು ಎಂಬ ಪ್ರಶ್ನೆಗೆ ಈ ಪದಗಳು ಉತ್ತರ ಕೊಡುವುದು ಕಡಮೆ. ಎಲ್ಲಿಂದ ಬಂತು, ಯಾರು ಕೊಟ್ಟರು, ಯಾವುದಕ್ಕೆ ಹೊಂದುತ್ತದೆ, ಏನನ್ನು ಹಿಡಿಯಬಲ್ಲದು ಎಂಬ ಬೇರೆಬೇರೆ ಪ್ರಶ್ನೆಗಳಿಗೆ ಒಂದೊಂದು ಪದವು ಒಂದೊಂದು ಉತ್ತರ. ಇದನ್ನು ಅವುಗಳ ವ್ಯುತ್ಪತ್ತಿಯಿಂದಲೂ ಪ್ರಯೋಗದಿಂದಲೂ ತೋರಿಸಬಹುದು.

೧

ಜೀನಿಯಸ್ ಎಂಬುದು ಲ್ಯಾಟಿನ್ ಶಬ್ದ. ಹುಟ್ಟಿಸು ಎಂಬರ್ಥದ ಧಾತುವಿನಿಂದ ಬಂದದ್ದು. ನಮ್ಮ ‘ಜನ್’ ಧಾತುವಿಗೆ ಸೋದರ. ಪ್ರಾಚೀನ ರೋಮಿನವರ ಮತದಲ್ಲಿ ಪ್ರತಿಯೊಬ್ಬ ಪುರುಷನೊಡನೆಯೂ ಒಂದು ದೇವತೆ ಹುಟ್ಟುತ್ತಿತ್ತು. ಜನ್ಮದಿನದಂದು ಅದಕ್ಕೆ ಪೂಜೆ ಸಲ್ಲುತ್ತಿತ್ತು. ಸ್ಥಳಗಳಿಗೂ ಇಂಥ ಅಧಿದೇವತೆಗಳಿದ್ದುವು. ಇಂಗ್ಲಿಷಿಗೆ ಈ ಶಬ್ದ ಬಂದದ್ದು ಈ ಅರ್ಥದಲ್ಲಿಯೇ. ೧೭೫೫ರಲ್ಲಿ ಪ್ರಕಟವಾದ ಜಾನ್ಸನ್ನನ ಕೋಶವೂ ರಕ್ಷಕದೇವತೆಯೆಂಬ ಅರ್ಥವನ್ನೇ ಮೊದಲು ಕೊಡುತ್ತದೆ. ಅನಂತರ ಹುಟ್ಟುಸ್ವಭಾವ ಎಂಬ ಅರ್ಥ ಬಂತು. ಒಂದು ಭಾಷೆಯ ಜೀನಿಯಸ್, ಒಂದು ಜನಾಂಗದ ಜೀನಿಯಸ್ ಎಂಬ ಪ್ರಯೋಗಗಳು ಇದರಿಂದ ಹುಟ್ಟಿದುವು. ಈ ಅರ್ಥಕ್ಕೆ ಕನ್ನಡಿಗರು ಯಾರ ಅಪ್ಪಣೆಗೂ ಕಾಯದೆ ಅತ್ಯಂತ ಸಮರ್ಪಕವಾದ ಮಾತನ್ನು ಬಳಸುತ್ತ ಬಂದಿದ್ದಾರೆ, ಅದೇ ‘ಜಾಯಮಾನ’. ಕನ್ನಡದ ಜಾಯಮಾನ ಎನ್ನುವಾಗ ಧಾತುವೂ ಒಂದೇ, ಭಾವವೂ ಒಂದೇ.

ಅಸಾಧಾರಣವಾದ ಸೃಷ್ಟಿಶಕ್ತಿ ಎಂಬ ಇಂದಿನ ಅರ್ಥ ಬೆಳೆದದ್ದು ಹದಿನೆಂಟನೆಯ ಶತಮಾನದಲ್ಲಿ. ಆಡಿಸನ್ ೧೭೧೧ರ ಒಂದು ಪ್ರಬಂಧದಲ್ಲಿ ಜೀನಿಯಸ್ಸನ್ನು ಎರಡು ಬಗೆಯಾಗಿ ವಿಂಗಡಿಸಿ, ಹೋಮರ್, ಷೇಕ್ಸ್‌ಪಿಯರ್ ಮೊದಲಾದವರನ್ನು ನಿಸರ್ಗದವರೆಂದೂ, ವರ್ಜಿಲ್, ಮಿಲ್ಟನ್ ಮೊದಲಾದವರನ್ನು ನಿಯಮಗಳಿಂದ ಸಂಸ್ಕಾರಗೊಂಡವರೆಂದೂ ಇಟ್ಟನು. ಆಗ ಇವೆರಡೂ ಜೀನಿಯಸ್ಸೇ ಆಗಿದ್ದುವು. ೧೭೫೯ರಲ್ಲಿ ಎಡ್ವರ್ಡ್ ಯಂಗ್ ಸ್ವತಂತ್ರ ರಚನೆಯನ್ನು ಕುರಿತು ಬರೆದ ಗ್ರಂಥದಲ್ಲಿ ಈ ಸಮತೋಲ ಮುರಿಯಿತು. ಆತನಿಗೆ ಪಾಂಡಿತ್ಯವು ಎರವಲು ತಂದ ತಿಳಿವು, ಜೀನಿಯಸ್ ಒಳಗಿನಿಂದಲೇ ಬಂದ ತಿಳಿವು. ಸ್ವತಂತ್ರ ಕೃತಿಯು ಸಸಿಯಂತೆ ಬೆಳೆಯತಕ್ಕದ್ದೇ ಹೊರತು ಮಾಡತಕ್ಕದ್ದಲ್ಲ. ನಿಯಮಗಳು ಕುಂಟನಿಗೆ ಊರುಗೋಲು, ಬಲಶಾಲಿಗೆ ತೊಡರು. ಚಿತ್ರಕಾರನಾದ ರೆನಾಲ್ಡ್ಸ್ ೧೭೭೪ರ ತನ್ನ ಉಪನ್ಯಾಸದಲ್ಲಿ ಇದಕ್ಕೆ ಪ್ರತಿಯಾಗಿ, ಪೂರ್ವಿಕರ ಕೃತಿಗಳ ನಿರಂತರ ಅನುಶೀಲನೆಯಿಂದಲೇ ಜೀನಿಯಸ್ ಪುಷ್ಟವಾಗುತ್ತದೆಂದು ವಾದಿಸಿದನು. ಆದರೂ ಕಾಲ ಯಂಗನ ಕಡೆಗಿತ್ತು. ಅಂದಿನಿಂದ ಜೀನಿಯಸ್ ಎಂಬ ಮಾತಿನ ನೆರಳಿನಲ್ಲಿ ಶ್ರಮದ ವಿಷಯಕ್ಕೆ ಒಂದು ಅನಾದರವು ಸೇರಿಕೊಂಡಿದೆ. ಇದನ್ನು ಮುಂದಕ್ಕೆ ನೆನಪಿನಲ್ಲಿಡಬೇಕು.

೨

ಟ್ಯಾಲೆಂಟ್ ಎಂಬುದರ ಹುಟ್ಟು ಬೇರೆಯದೇ. ಗ್ರೀಕ್ ಭಾಷೆಯಲ್ಲಿ ಅದಕ್ಕೆ ತಕ್ಕಡಿಯೆಂದೂ ತೂಕವೆಂದೂ ಅರ್ಥ. ತೂಕದಿಂದ ಬೆಳ್ಳಿಬಂಗಾರಗಳ ಒಂದು ದೊಡ್ಡ ಮೊತ್ತಕ್ಕೆ ಅದು ಹೆಸರಾಯಿತು. ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಒಂದು ದೃಷ್ಟಾಂತಕಥೆಯಿದೆ. ದೂರದೇಶಕ್ಕೆ ಹೊರಟ ಒಡೆಯನು ಆಳುಗಳಿಗೆ ಐದು, ಎರಡು, ಒಂದು ಎಂದು ಈ ಮೊತ್ತಗಳನ್ನು ಒಪ್ಪಿಸಿಹೋಗುತ್ತಾನೆ. ಮೊದಲಿಬ್ಬರು ವ್ಯಾಪಾರದಿಂದ ಅದನ್ನು ಇಮ್ಮಡಿಮಾಡುತ್ತಾರೆ. ಮೂರನೆಯವನು ಭಯದಿಂದ ನೆಲದಲ್ಲಿ ಹೂತಿಡುತ್ತಾನೆ, ಒಡೆಯನ ಕೋಪಕ್ಕೆ ಗುರಿಯಾಗುತ್ತಾನೆ. ಕನ್ನಡ ಬೈಬಲಿನಲ್ಲಿ ಈ ಮೊತ್ತಕ್ಕೆ ‘ತಲಾಂತು’ ಎಂದು ಹೆಸರು. ಇಂಗ್ಲಿಷಿನಲ್ಲಿ ಟ್ಯಾಲೆಂಟಿಗೆ ಸಹಜಶಕ್ತಿಯೆಂಬ ಅರ್ಥ ಬಂದದ್ದು ಈ ಕಥೆಯಿಂದಲೇ. ಗಮನಿಸತಕ್ಕ ವಿಷಯವೇನೆಂದರೆ, ಒಡೆಯನು ಅವರವರ ಸಾಮರ್ಥ್ಯವನ್ನು ನೋಡಿ ಈ ಹಣವನ್ನು ಹಂಚಿದನೆಂದು ಕಥೆಯಲ್ಲಿಯೇ ಇದೆ. ಎಂದರೆ ಮೂಲದಲ್ಲಿ ಎಬಿಲಿಟಿ ಬೇರೆ, ಟ್ಯಾಲೆಂಟ್ ಬೇರೆ. ಮೊದಲನೆಯದು ಆಳಿನದು, ಎರಡನೆಯದು ಒಡೆಯನದು.

ಆದುದರಿಂದ ಟ್ಯಾಲೆಂಟ್ ಎಂಬ ಮಾತಿನ ಒಡಲಿನಲ್ಲಿ ಲೆಕ್ಕ ಒಪ್ಪಿಸಬೇಕಾದ ಹೊಣೆ ಅಡಗಿದೆ. ಮಿಲ್ಟನ್ ತನ್ನ ಕುರುಡುತನವನ್ನು ಕುರಿತು ಬರೆದ ಸುನೀತದಲ್ಲಿ ಈ ಪದವನ್ನು ಶ್ಲೇಷೆಯಿಂದ ಬಳಸಿ, ಕಣ್ಣು ಹೋದಮೇಲೆ ತನ್ನ ಕಾವ್ಯಶಕ್ತಿಯೂ ಹೂತಿಟ್ಟ ಹಣದಂತಾಯಿತಲ್ಲಾ ಎಂದು ಕಳವಳಪಡುತ್ತಾನೆ. ಅಲ್ಲಿ ಜೀನಿಯಸ್ ಎಂಬ ಪದವನ್ನು ಇಟ್ಟು ನೋಡಿದರೆ ಕವಿತೆಯ ಪ್ರಾಣವೇ ಹೋಗುತ್ತದೆ. ಏಕೆಂದರೆ ಜೀನಿಯಸ್ಸಿಗೆ ಒಡೆಯನಿಲ್ಲ, ಲೆಕ್ಕವೂ ಇಲ್ಲ. ನಮ್ಮ ಧರ್ಮಶಾಸ್ತ್ರದ ನಿಕ್ಷೇಪವೂ ಇದಕ್ಕೆ ಸರಿಹೊಂದುವುದಿಲ್ಲ. ನಿಕ್ಷೇಪವನ್ನು ಇಟ್ಟುಕೊಂಡವನು ಅದನ್ನು ಉಪಯೋಗಿಸದೆ ಇದ್ದಂತೆಯೇ ಹಿಂದಿರುಗಿಸಬೇಕು. ಟ್ಯಾಲೆಂಟನ್ನು ಬೆಳಸಿ ಹಿಂದಿರುಗಿಸಬೇಕು. ಭಾವದಲ್ಲಿ ಇದಕ್ಕೆ ಹತ್ತಿರವಾದದ್ದು ನಮ್ಮ ಋಷಿಋಣ. ಅಧ್ಯಯನದಿಂದಲೂ ಅಧ್ಯಾಪನದಿಂದಲೂ ತೀರತಕ್ಕ ಆ ಸಾಲವೂ ಹುಟ್ಟಿನಿಂದಲೇ ಬಂದದ್ದು.

ಗಿಫ್ಟ್ ಎಂದರೆ ಕೊಡುಗೆ. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ಕನ್ಯಾಶುಲ್ಕವೆಂಬ ಅರ್ಥವಿತ್ತು. ಜರ್ಮನ್ ಭಾಷೆಯಲ್ಲಿ ಇದೇ ರೂಪದ ಶಬ್ದ ಇಂದು ವಿಷವೆಂಬ ಅರ್ಥದಲ್ಲಿ ನಿಂತಿದೆ. ಸಹಜಶಕ್ತಿಯನ್ನು ಗಿಫ್ಟ್ ಎಂದಾಗ ಕೊಟ್ಟವನ ಕಡೆಗೆ ದೃಷ್ಟಿ ಹೋಗುತ್ತದೆ. ಟ್ಯಾಲೆಂಟನ್ನು ಹಿಂದಿರುಗಿಸಬೇಕು, ಗಿಫ್ಟನ್ನು ಹಿಂದಿರುಗಿಸಬೇಕಾಗಿಲ್ಲ, ಕೃತಜ್ಞತೆ ಸಾಕು. ಇದು ನಮ್ಮ ‘ವರ’. ವರಕವಿ ಎಂಬ ಮಾತಿನಲ್ಲಿಯೂ, ಅದಕ್ಕೆ ಎದುರಾದ ನರಕವಿ ಎಂಬ ಮಾತಿನಲ್ಲಿಯೂ ಈ ಭಾವ ಸ್ಪಷ್ಟವಾಗಿದೆ. ಮುಂದೆ ಗಿಫ್ಟ್ ಎಂಬುದರಿಂದ ಗಿಫ್ಟೆಡ್ ಎಂಬ ವಿಶೇಷಣವೂ, ಟ್ಯಾಲೆಂಟಿನಿಂದ ಟ್ಯಾಲೆಂಟೆಡ್ ಎಂಬುದೂ ಹುಟ್ಟಿ, ಕೊಟ್ಟವನೂ ಒಪ್ಪಿಸಿದವನೂ ಮರೆಯಾದರು. ಟ್ಯಾಲೆಂಟೆಡ್ ಎಂಬ ರೂಪವನ್ನು ಕೋಲ್‌ರಿಜ್ ೧೮೩೨ರ ಒಂದು ಸಂಭಾಷಣೆಯಲ್ಲಿ ಕಟುವಾಗಿ ಖಂಡಿಸಿ, ಹಾಗಾದರೆ ಷಿಲ್ಲಿಂಗ್ ಎಂಬ ನಾಣ್ಯದ ಹೆಸರಿನಿಂದಲೂ ಒಂದು ವಿಶೇಷಣವನ್ನು ಮಾಡಬಾರದೇಕೆ ಎಂದು ಪರಿಹಾಸ ಮಾಡಿದ್ದಾನೆ. ವ್ಯಾಕರಣದ ಆಕ್ಷೇಪವಾದರೂ ಅದರಲ್ಲಿ ಅರ್ಥದ ಎಚ್ಚರವೂ ಇದೆ: ಟ್ಯಾಲೆಂಟ್ ಒಂದು ಹಣದ ಮೊತ್ತವೆಂಬುದನ್ನು ಆತ ಮರೆತಿರಲಿಲ್ಲ.

ಉಳಿದ ಪದಗಳನ್ನು ಸಂಕ್ಷೇಪವಾಗಿ ನೋಡಬಹುದು. ಎಬಿಲಿಟಿ ಎಂದರೆ ಕೆಲಸ ಮಾಡಬಲ್ಲ ಸಾಮರ್ಥ್ಯ. ಅದು ಹುಟ್ಟಿನಿಂದ ಬಂದದ್ದೇ ಕಲಿತದ್ದೇ ಎಂಬ ವಿಚಾರ ಆ ಪದಕ್ಕಿಲ್ಲ. ಕೆಪ್ಯಾಸಿಟಿಯ ಮೂಲಾರ್ಥ ಹಿಡಿದಿಟ್ಟುಕೊಳ್ಳುವುದು. ಪಾತ್ರೆಯ ಗುಣವದು, ನಮ್ಮ ‘ಪಾತ್ರತೆ’ಯಲ್ಲಿಯೂ ಅದೇ ರೂಪಕವುಂಟು. ಆಪ್ಟಿಟ್ಯೂಡ್ ಎಂಬುದು ಬಿಗಿದು ಜೋಡಿಸು ಎಂಬ ಧಾತುವಿನದು. ‘ಯುಜ್’ ಧಾತುವಿನಿಂದ ಬಂದ ಯೋಗ್ಯತೆಗೆ ಅರ್ಥದಲ್ಲಿ ಅವಳಿ. ಅದು ವ್ಯಕ್ತಿಯಲ್ಲಿ ಮಾತ್ರ ಇರುವ ಗುಣವಲ್ಲ. ವ್ಯಕ್ತಿಗೂ ವಿಷಯಕ್ಕೂ ಇರುವ ಸಂಬಂಧ. ಗಣಿತಕ್ಕೆ ಒಗ್ಗಿದವನು ಸಂಗೀತಕ್ಕೆ ಒಗ್ಗದಿರಬಹುದು.

ಫ್ಲೇರ್ ಎಂಬುದರ ವಿಷಯ ಸ್ವಾರಸ್ಯವಾಗಿದೆ. ಅದು ಫ್ರೆಂಚರ ಮಾತು. ಮೂಲಾರ್ಥ ವಾಸನೆ ಹಿಡಿಯುವುದು. ನಾಯಿಯು ಬೇಟೆಯನ್ನು ಮೂಸಿ ಅರಿಯುವಂತೆ, ಯುಕ್ತಿತರ್ಕಗಳಿಲ್ಲದೆ ಸರಿಯಾದದ್ದನ್ನು ಕಂಡುಹಿಡಿಯುವ ಶಕ್ತಿ ಅದು. ನಮ್ಮ ದಾರ್ಶನಿಕರೂ ಸಹಜಶಕ್ತಿಯ ಮೂಲವನ್ನು ‘ವಾಸನೆ’ ಎಂದೇ ಕರೆದರು. ದಂಡಿಯು ಪ್ರತಿಭೆಯನ್ನು ಪೂರ್ವವಾಸನೆಯೊಡನೆ ಜೋಡಿಸಿದ್ದಾನೆ. ಆದರೆ ಇಲ್ಲಿ ಮೋಸಹೋಗಬಾರದು. ಫ್ಲೇರ್ ಮುಂದಿರುವುದನ್ನು ಅರಸುವ ಮೂಗು. ವಾಸನೆಯು ಹೂವನ್ನು ತೆಗೆದಮೇಲೂ ಬಟ್ಟೆಯಲ್ಲಿ ಉಳಿದ ಕಂಪು. ಒಂದು ಮುನ್ನೋಟ, ಇನ್ನೊಂದು ಹಿಂದಿನ ಶೇಷ. ಕೊನೆಯದಾದ ನ್ಯಾಕ್‌ಗೆ ಮೊದಲು ತಂತ್ರ, ಉಪಾಯ ಎಂಬ ಅರ್ಥವಿದ್ದು, ಈಗ ಅದು ಮಾತಿನಲ್ಲಿ ಹೇಳಿ ಕಲಿಸಲಾಗದ ಕೈಯ ಹದವಾಗಿದೆ. ನಮ್ಮ ‘ಚಳಕ’ ಇದಕ್ಕೆ ಸಾಕು.

೩

ಈ ಪದಗಳ ಪರಸ್ಪರ ಭೇದವನ್ನು ವಿಮರ್ಶಕನೊಬ್ಬನು ಪ್ರತ್ಯಕ್ಷವಾಗಿ ಪರೀಕ್ಷಿಸಿದ ಅತ್ಯುತ್ತಮ ಸ್ಥಳವೆಂದರೆ ಹ್ಯಾಜ್ಲಿಟ್ ೧೮೨೧ರಲ್ಲಿ ಪ್ರಕಟಿಸಿದ ಸಂಗ್ರಹದೊಳಗಿನ ‘ಭಾರತದ ಕೈಚಳಕಗಾರರು’ ಎಂಬ ಪ್ರಬಂಧ. ಬಿಳಿಯ ಉಡುಪು, ಬಿಗಿದ ಪೇಟಗಳ ಭಾರತೀಯನೊಬ್ಬನು ನೆಲದ ಮೇಲೆ ಕುಳಿತು ನಾಲ್ಕು ಹಿತ್ತಾಳೆಯ ಗುಂಡುಗಳನ್ನು ಏಕಕಾಲಕ್ಕೆ ಗಾಳಿಯಲ್ಲಿ ಆಡಿಸುವುದನ್ನು ಕಂಡು, ತನ್ನ ಜೀವಮಾನದಲ್ಲಿ ತಾನು ಇಷ್ಟು ನಿರ್ದೋಷವಾಗಿ ಮಾಡಬಲ್ಲುದು ಏನಿದೆ ಎಂದು ಆತ ನಾಚುತ್ತಾನೆ. ಅನಂತರ ವಿಚಾರಕ್ಕೆ ತೊಡಗುತ್ತಾನೆ. ಕೈಯ ವಿದ್ಯೆಗೆ ಗುರಿ ನಿಶ್ಚಿತ, ತಪ್ಪಿದರೆ ಆ ಕ್ಷಣವೇ ಗೊತ್ತಾಗುತ್ತದೆ. ಆದಕಾರಣ ಅಲ್ಲಿ ಪೂರ್ಣತೆ ಸಾಧ್ಯ. ಕಾವ್ಯಚಿತ್ರಗಳಿಗೆ ಇಂಥ ಗುರಿಯೂ ಇಲ್ಲ, ಅಂಥ ಪೂರ್ಣತೆಯೂ ಇಲ್ಲ. ಈ ಭೇದವನ್ನು ಸ್ಥಾಪಿಸಿದಮೇಲೆ ಆತನ ಲಕ್ಷಣಗಳು ಬರುತ್ತವೆ. ಕ್ಷಣದಲ್ಲಿ ಒದಗುವ ಚುರುಕು ಜಾಣ್ಮೆ. ದುಡಿಮೆಯಿಂದಲೂ ಏಕಾಗ್ರತೆಯಿಂದಲೂ ಸಾಧ್ಯವಾಗುವುದನ್ನು ಮಾಡುವ ಶಕ್ತಿ ಟ್ಯಾಲೆಂಟ್. ಟ್ಯಾಲೆಂಟ್ ಇಚ್ಛಾಧೀನವಾದದ್ದು, ಜೀನಿಯಸ್ ಇಚ್ಛೆಯ ವಶದಲ್ಲಿಲ್ಲದ್ದು.

ಈ ಕೊನೆಯ ಮಾತು ಬಹು ಬೆಲೆಯುಳ್ಳದ್ದು. ಭಾಮಹನು ಶಾಸ್ತ್ರವನ್ನು ಮಂದಬುದ್ಧಿಯೂ ಗುರೂಪದೇಶದಿಂದ ಕಲಿಯಬಹುದೆಂದೂ, ಕಾವ್ಯವಾದರೋ ಪ್ರತಿಭಾವಂತನಾದ ಯಾರೋ ಒಬ್ಬನಲ್ಲಿ ಯಾವಾಗಲೋ ಒಮ್ಮೆ ಹುಟ್ಟುತ್ತದೆಂದೂ ಹೇಳುವಾಗ ಇದೇ ಗೆರೆಯನ್ನು ಎಳೆದಿದ್ದಾನೆ. ಬೇಕೆಂದಾಗ ಬರುವುದು ಒಂದು, ಬಂದಾಗ ಮಾತ್ರ ಬರುವುದು ಇನ್ನೊಂದು.

ನಮ್ಮವರನ್ನು ಕೆಣಕಬಹುದಾದ ಒಂದು ಅಂಶವೂ ಆ ಪ್ರಬಂಧದಲ್ಲಿದೆ. ಹ್ಯಾಜ್ಲಿಟ್ ಆಶುಕವಿತೆಯನ್ನು ಶ್ಲೇಷೋಕ್ತಿ, ಅಣಕಗಳ ಜೊತೆಯಲ್ಲಿ ಬರಿಯ ಜಾಣ್ಮೆಯ ಪಂಕ್ತಿಗೆ ಸೇರಿಸಿದ್ದಾನೆ. ಅವಧಾನಕಲೆಯನ್ನು ಗೌರವಿಸುವ ನಾವು ಇದರಿಂದ ಕೆರಳದೆ, ಅವಧಾನಿಯಲ್ಲಿ ಕೂಡಿಬರುವ ಶಕ್ತಿಗಳನ್ನು ಬಿಡಿಸಿ ನೋಡುವುದು ಲೇಸು. ಕೇಳಿದ್ದನ್ನು ಹಿಡಿದಿಡುವ ಧಾರಣೆ ಕೆಪ್ಯಾಸಿಟಿ. ಛಂದಸ್ಸು, ವ್ಯಾಕರಣಗಳ ಮೇಲಿನ ಹಿಡಿತ ಅಭ್ಯಾಸಬಲದ ಟ್ಯಾಲೆಂಟ್. ಸಮಸ್ಯೆಯನ್ನು ಥಟ್ಟನೆ ಬಿಡಿಸುವುದು ಜಾಣ್ಮೆ. ಇವೆಲ್ಲವೂ ಇದ್ದು, ಯಾವುದೋ ಒಂದು ಪದ್ಯದಲ್ಲಿ ಮಾತ್ರ ಅಪೂರ್ವವಾದ ಕಾಣ್ಕೆ ಮಿಂಚಿದರೆ ಅದು ಪ್ರತಿಭೆ. ಎಲ್ಲವನ್ನೂ ಪ್ರತಿಭೆಯೆಂದು ಹೊಗಳಿದರೆ ಅವಧಾನಿಯ ಶ್ರಮಕ್ಕೂ ಅನ್ಯಾಯ, ಆ ಒಂದು ಪದ್ಯಕ್ಕೂ ಅನ್ಯಾಯ.

ಹ್ಯಾಜ್ಲಿಟ್ಟನ ವಿಂಗಡಣೆಯಲ್ಲಿ ದೋಷವಿಲ್ಲವೆಂದಲ್ಲ. ಆತನ ಲಕ್ಷಣಗಳು ಕೈಯ ವಿದ್ಯೆಯನ್ನು ಕೆಳಗಿಡುತ್ತವೆ. ಆತನ ಮನಸ್ಸು ಅದನ್ನು ಕೆಳಗಿಡಲೊಲ್ಲದು. ಗೋಡೆಗೆ ಚೆಂಡನ್ನು ಕೈಯಿಂದ ಹೊಡೆದು ಆಡುವ ಫೈವ್ಸ್ ಎಂಬ ಆಟದಲ್ಲಿ ಹೆಸರಾಗಿದ್ದು ೧೮೧೯ರಲ್ಲಿ ತೀರಿಕೊಂಡ ಜಾನ್ ಕ್ಯಾವನಾ ಎಂಬವನ ಚರಮಲೇಖವನ್ನು ಆತ ಪ್ರಬಂಧದ ಕೊನೆಗೆ ಜೋಡಿಸಿದ್ದಾನೆ. ಆ ಭಾಗ ಪೂರ್ಣ ಗೌರವದಿಂದ ತುಂಬಿದೆ. ಲಕ್ಷಣಕಾರನಿಗಿಂತ ವಿಮರ್ಶಕನು ಉದಾರಿ. ಕೋಲ್‌ರಿಜ್ ಜೀನಿಯಸ್ಸಿಗೆ ಟ್ಯಾಲೆಂಟು ಪೂರಕವೂ ಉಪಕರಣವೂ ಆಗಿರಬೇಕೆಂದು ಹೇಳಿದ ಮಾತನ್ನು ಇದರೊಡನೆ ಸೇರಿಸಿ ಓದಬೇಕು. ಆಗ ಏಣಿಯ ಕಲ್ಪನೆ ಕುಸಿಯುತ್ತದೆ.

೪

ಪದಗಳ ಭೇದವನ್ನು ಮರೆತರೆ ಆಗುವ ಅನರ್ಥಕ್ಕೆ ಇಂಗ್ಲಿಷ್ ಮಾತನಾಡುವ ದೇಶಗಳೇ ನಿದರ್ಶನ. ಗಾಲ್ಟನ್ ೧೮೬೯ರಲ್ಲಿ ‘ಆನುವಂಶಿಕ ಜೀನಿಯಸ್’ ಎಂಬರ್ಥದ ಹೆಸರಿನ ಗ್ರಂಥವನ್ನು ಪ್ರಕಟಿಸಿದನು. ೧೮೯೨ರ ಎರಡನೆಯ ಮುದ್ರಣದ ಮುನ್ನುಡಿಯಲ್ಲಿ ಆ ಹೆಸರಿಗಾಗಿ ವಿಷಾದಿಸಿ, ತಾನು ಉದ್ದೇಶಿಸಿದ್ದು ಉನ್ನತವಾದ ಎಬಿಲಿಟಿಯನ್ನು ಮಾತ್ರವೆಂದು ಬರೆದನು. ಅಷ್ಟರಲ್ಲಿ ಕಾಲ ಮಿಂಚಿತ್ತು. ಅಮೆರಿಕದ ಟರ್ಮನ್ ೧೯೧೬ರಲ್ಲಿ ಬುದ್ಧಿಮಾಪನದ ಅಂಕ ೧೪೦ನ್ನು ಮೀರಿದವರನ್ನು ಜೀನಿಯಸ್ಸಿನ ಅಥವಾ ಅದರ ಸಮೀಪದ ವರ್ಗಕ್ಕೆ ಸೇರಿಸಿದನು. ಆತ ೧೯೨೧ರಲ್ಲಿ ಪ್ರಾರಂಭಿಸಿದ ದೀರ್ಘಾಧ್ಯಯನದ ಗ್ರಂಥಮಾಲೆಯ ಹೆಸರಿನಲ್ಲಿ ಜೀನಿಯಸ್ ಎಂದಿದ್ದರೆ, ೧೯೨೫ರ ಮೊದಲ ಸಂಪುಟದ ಹೆಸರಿನಲ್ಲಿ ಗಿಫ್ಟೆಡ್ ಎಂದಿದೆ. ರೋಮಿನವರ ದೇವತೆಯೂ, ಕೊಟ್ಟವನ ಕೊಡುಗೆಯೂ ಹೀಗೆ ಒಂದು ಸಂಖ್ಯೆಯಲ್ಲಿ ಐಕ್ಯವಾದುವು. ಆ ಪರೀಕ್ಷೆಯಲ್ಲಿ ಆಯ್ಕೆಯಾಗದೆ ಉಳಿದ ಬಾಲಕರಲ್ಲಿ ವಿಲಿಯಂ ಶಾಕ್ಲಿ ೧೯೫೬ರಲ್ಲಿಯೂ ಲೂಯಿಸ್ ಅಲ್ವಾರೆಜ್ ೧೯೬೮ರಲ್ಲಿಯೂ ನೊಬೆಲ್ ಪಾರಿತೋಷಕವನ್ನು ಪಡೆದರು.

ಅಮೆರಿಕದ ಕಾಲೇಜು ಪ್ರವೇಶಕ್ಕೆಂದು ೧೯೨೬ರಲ್ಲಿ ಮೊದಲಾದ ಎಸ್.ಎ.ಟಿ. ಎಂಬ ಪರೀಕ್ಷೆಯ ಹೆಸರಿನ ನಡುವಣ ಅಕ್ಷರ ಆಪ್ಟಿಟ್ಯೂಡನ್ನು ಸೂಚಿಸುತ್ತಿತ್ತು. ಆ ಪದ ಹುಟ್ಟುಶಕ್ತಿಯನ್ನು ಧ್ವನಿಸುತ್ತದೆ, ಪರೀಕ್ಷೆ ಅಳೆಯುವುದು ಕಲಿಕೆಯನ್ನೂ ಅಲ್ಲವೇ ಎಂಬ ಚರ್ಚೆ ಬೆಳೆದು, ೧೯೯೦ರ ದಶಕದಲ್ಲಿ ಆ ಪದದ ಬದಲು ಅಂದಾಜು ಎಂಬರ್ಥದ ಬೇರೊಂದು ಪದವನ್ನಿಟ್ಟರು. ಕೊನೆಗೆ ಮೂರು ಅಕ್ಷರಗಳಿಗೆ ಅರ್ಥವೇ ಇಲ್ಲವೆಂದರು. ಒಂದು ಪದದ ಛಾಯೆ ಎಷ್ಟೋ ವಿದ್ಯಾರ್ಥಿಗಳಿಗೆ ತಮ್ಮ ವಿಷಯವಾಗಿ ತಾವೇ ಏನು ನಂಬಬೇಕೆಂಬುದನ್ನು ಹೇಳಿಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

೫

ಇನ್ನು ನಮ್ಮ ಪ್ರತಿಭೆ. ಅಲಂಕಾರಶಾಸ್ತ್ರದಲ್ಲಿ ಇದು ಸಡಿಲವಾದ ಮಾತಲ್ಲ. ಭಟ್ಟತೌತನಿಗೆ ಅದು ಹೊಸಹೊಸದಾಗಿ ಅರಳುತ್ತಲೇ ಇರುವ ಪ್ರಜ್ಞೆ. ಅಭಿನವಗುಪ್ತನಿಗೆ ಅಪೂರ್ವವಸ್ತುವನ್ನು ನಿರ್ಮಿಸಬಲ್ಲ ಪ್ರಜ್ಞೆ. ವಾಮನನಿಗೆ ಕವಿತ್ವದ ಬೀಜ. ರುದ್ರಟನು ಅದನ್ನು ಸಹಜ, ಉತ್ಪಾದ್ಯ ಎಂದು ವಿಭಾಗಿಸಿದನು. ರಾಜಶೇಖರನು ಕವಿಗೆ ಉಪಕರಿಸುವ ಕಾರಯಿತ್ರೀ, ಸಹೃದಯನಿಗೆ ಉಪಕರಿಸುವ ಭಾವಯಿತ್ರೀ ಎಂದು ಎರಡು ಮಾಡಿ, ಶಕ್ತಿಯನ್ನು ಪ್ರತಿಭೆಯಿಂದ ಬೇರೆಯಾಗಿಟ್ಟನು. ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಮೂರೂ ಕೂಡಿ ಒಂದೇ ಕಾರಣವೆಂದು ನಿರ್ಣಯಿಸಿದನು.

ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಮೊದಲನೆಯದು, ಪ್ರತಿಭೆ ಎಂಬುದು ಪ್ರಜ್ಞೆಯ ಒಂದು ವ್ಯಾಪಾರ, ಮನುಷ್ಯನ ಹೆಸರಲ್ಲ. ಇಂಗ್ಲಿಷಿನಲ್ಲಿ ಮನುಷ್ಯನನ್ನೇ ಜೀನಿಯಸ್ ಎನ್ನಬಹುದು, ಟ್ಯಾಲೆಂಟ್ ಎಂದೂ ಎನ್ನುತ್ತಾರೆ. ‘ಯುವಪ್ರತಿಭೆಗಳು’, ‘ಪ್ರತಿಭಾಪಲಾಯನ’ ಎಂಬ ನಮ್ಮ ಪ್ರಯೋಗಗಳು ಅದರ ಪಡಿಯಚ್ಚು. ಎರಡನೆಯದು, ಯಂಗನ ಜೀನಿಯಸ್ಸಿಗೆ ಪಾಂಡಿತ್ಯ ತೊಡರಾದರೆ, ಮಮ್ಮಟನಲ್ಲಿ ನಿಪುಣತೆ, ಅಭ್ಯಾಸಗಳು ಶಕ್ತಿಯ ಒಡಹುಟ್ಟುಗಳು. ವ್ಯುತ್ಪತ್ತಿಯ ಕೊರತೆಯನ್ನು ಶಕ್ತಿ ಮುಚ್ಚಬಲ್ಲದು, ಶಕ್ತಿಯ ಕೊರತೆ ಮಾತ್ರ ಕೂಡಲೇ ಹೊರಬೀಳುತ್ತದೆ ಎಂದ ಆನಂದವರ್ಧನನೂ ವ್ಯುತ್ಪತ್ತಿಯನ್ನು ಅಲ್ಲಗಳೆಯಲಿಲ್ಲ. ಜೀನಿಯಸ್ಸನ್ನು ಪ್ರತಿಭೆ ಎಂದು ಅನುವಾದಿಸುವಾಗ ಶ್ರಮದ ಮೇಲಿನ ಆ ಹದಿನೆಂಟನೆಯ ಶತಮಾನದ ಅನಾದರವೂ ಅದರೊಡನೆ ನುಸುಳಿ ನಮ್ಮ ಶಾಸ್ತ್ರದ ಹೆಸರಿನಲ್ಲಿ ಓಡಾಡುತ್ತದೆ.

‘ಪ್ರತಿಭೆಯಿದೆ, ಅಭ್ಯಾಸ ಸಾಲದು’ ಎಂಬ ವಾಕ್ಯವನ್ನು ವಿಮರ್ಶೆಗಳಲ್ಲಿ ಪದೇಪದೇ ಕಾಣುತ್ತೇವೆ. ಇಲ್ಲಿ ಟ್ಯಾಲೆಂಟ್ ವಿವಕ್ಷಿತವಾಗಿದ್ದರೆ, ಹೂತಿಟ್ಟ ಹಣವನ್ನು ಹೊರತೆಗೆಯೆಂದು ಹೇಳುವ ಸಲಹೆ ಅದು. ಗಿಫ್ಟ್ ಆಗಿದ್ದರೆ, ವರವನ್ನು ಅಲಕ್ಷಿಸಿದ್ದಾನೆಂಬ ದೂಷಣೆ. ಆಪ್ಟಿಟ್ಯೂಡ್ ಆಗಿದ್ದರೆ, ಈ ದಾರಿ ನಿನಗೆ ಒಗ್ಗುತ್ತದೆ, ನಡೆ ಎಂಬ ಉತ್ತೇಜನ. ಅಲಂಕಾರಿಕರ ಪ್ರತಿಭೆಯೇ ಆಗಿದ್ದರೆ, ಅಪೂರ್ವವಾದದ್ದು ಯಾವ ಪದ್ಯದಲ್ಲಿ ಯಾವ ಮಾತಿನಲ್ಲಿ ಕಂಡಿತೆಂದು ತೋರಿಸುವ ಭಾರ ವಿಮರ್ಶಕನ ಮೇಲೆ ಬೀಳುತ್ತದೆ. ನಾಲ್ಕು ತೀರ್ಪುಗಳನ್ನು ಒಂದು ಮಾತಿನಲ್ಲಿ ಮುಚ್ಚಿಟ್ಟವನು ಯಾವ ತೀರ್ಪನ್ನೂ ಕೊಟ್ಟಂತಾಗಲಿಲ್ಲ. ಶಾಲೆಗಳಲ್ಲಿಯೂ ಹೀಗೆಯೇ. ‘ಪ್ರತಿಭಾ ಕಾರಂಜಿ’ಯಂಥ ಸ್ಪರ್ಧೆಗಳು ಶ್ಲಾಘ್ಯವಾದುವು, ಆದರೆ ಕಂಠಪಾಠ, ಛದ್ಮವೇಷಗಳಲ್ಲಿ ಬಹುಮಾನ ಬಾರದ ಮಗುವಿಗೆ ತನ್ನಲ್ಲಿ ಪ್ರತಿಭೆಯೇ ಇಲ್ಲವೆಂಬ ಭಾವ ಹೊಗದಂತೆ ನೋಡಿಕೊಳ್ಳುವ ಕೆಲಸ ಉಪಾಧ್ಯಾಯರದು. ಆ ಸ್ಪರ್ಧೆ ನೋಡುವುದು ಧಾರಣೆಯನ್ನು, ಚಳಕವನ್ನು, ಧೈರ್ಯವನ್ನು.

ಇಲ್ಲಿ ಪೂರ್ವಪಕ್ಷವೊಂದು ಬರಬಹುದು: ಭಾಷೆ ರೂಢಿಯನ್ನು ಅನುಸರಿಸುತ್ತದೆ, ಹರಡಿದ ಅರ್ಥವನ್ನು ಪಂಡಿತರು ಹಿಂದಕ್ಕೆ ಕರೆಯಲಾರರು ಎಂದು. ಒಪ್ಪತಕ್ಕ ಮಾತೇ. ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಪ್ರತಿಭೆ ಈಗಿನಂತೆಯೇ ಇರಲಿ. ಆದರೆ ರೂಢಿಯೊಳಗೇ ಬೇರೆ ಮಾತುಗಳೂ ಬದುಕಿವೆಯಲ್ಲ! ಜೀನಿಯಸ್ ಸ್ವಭಾವವಾದಲ್ಲಿ ಜಾಯಮಾನ, ಸೃಷ್ಟಿಶಕ್ತಿಯಾದಲ್ಲಿ ಮಾತ್ರ ಪ್ರತಿಭೆ, ಗಿಫ್ಟಿಗೆ ವರ, ಕೆಪ್ಯಾಸಿಟಿಗೆ ಪಾತ್ರತೆ, ಎಬಿಲಿಟಿಗೆ ಸಾಮರ್ಥ್ಯ, ನ್ಯಾಕ್‌ಗೆ ಚಳಕ. ಯೋಗ್ಯತೆ ಎಂಬುದು ಈಗ ಬೆಲೆಯ ಅರ್ಥಕ್ಕೆ ತಿರುಗಿರುವುದರಿಂದ ಆಪ್ಟಿಟ್ಯೂಡಿಗೆ ‘ಒಗ್ಗು’ ಎಂಬುದನ್ನು ನಾಮಪದವಾಗಿ ಬಳಸಬಹುದು. ಫ್ಲೇರ್‌ಗೆ ಒಂದೇ ಪದ ಬೇಕೆಂದೇನೂ ಇಲ್ಲ. ಅವನ ಮೂಗು ಚುರುಕು ಎಂದರೆ ಕನ್ನಡಿಗರಿಗೆ ತಿಳಿಯುತ್ತದೆ. ಟ್ಯಾಲೆಂಟಿಗೆ ಹಳಗನ್ನಡದ ‘ಅಳವು’ ಎಂಬ ಮಾತನ್ನು ಸೂಚಿಸುತ್ತೇನೆ. ಅದಕ್ಕೆ ಅಳತೆ, ಶಕ್ತಿ ಎಂದು ಎರಡೂ ಅರ್ಥಗಳುಂಟು. ತೂಕದ ಹೆಸರು ಶಕ್ತಿಯ ಹೆಸರಾದ ಇಂಗ್ಲಿಷಿನ ನಡೆಗೆ ಅದು ಸಮೀಪ. ಅಳವಡು ಎಂಬ ಕ್ರಿಯೆಯಲ್ಲಿ ಇಂದಿಗೂ ಜೀವಂತವಾಗಿದೆ. ಲೆಕ್ಕ ಒಪ್ಪಿಸುವ ಹೊಣೆಯ ಧ್ವನಿ ಮಾತ್ರ ಅದರಲ್ಲಿಲ್ಲ. ಅದನ್ನು ಸಂದರ್ಭವೇ ತುಂಬಬೇಕು.

ಹೀಗೆ ವಿವೇಚಿಸುವುದು ಕನ್ನಡಕ್ಕೆ ಹೊಸತೂ ಅಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಈ ನಾಡಿನ ಜನ ಕ್ರಮವಾಗಿ ಓದದೆಯೂ ಕಾವ್ಯದಲ್ಲಿ ಪಳಗಿದ ಬುದ್ಧಿಯುಳ್ಳವರೆಂಬ ಪ್ರಶಂಸೆಯಿದೆ. ಆ ಗ್ರಂಥಕಾರನು ಅಲ್ಲಿ ಅವರೆಲ್ಲರಿಗೂ ಪ್ರತಿಭೆಯನ್ನು ಹಂಚಲಿಲ್ಲ. ಮತಿಯ ಪರಿಪಾಕವನ್ನು ಮಾತ್ರ ಹೇಳಿದನು. ಜನರನ್ನು ಕೊಂಡಾಡುವಾಗಲೂ ಮಾತನ್ನು ತೂಗಿ ಆಡಿದ ಆ ಸಂಯಮ ನಮ್ಮ ವಿಮರ್ಶೆಗೆ ಬಂದರೆ ಸಾಕು. ಮೇಲೆ ಸೂಚಿಸಿದ ಪದಗಳಿಗಿಂತ ಉತ್ತಮವಾದುವು ತೋರಿದಲ್ಲಿ ವಿದ್ವಾಂಸರು ಅವುಗಳನ್ನು ಪ್ರಕಟಪಡಿಸಬೇಕೆಂದು ಪ್ರಾರ್ಥಿಸುತ್ತೇನೆ.